ಸಾಯಬೇಕೆನ್ನುವವರ ಜೊತೆ ಮೊದಲ ಹನ್ನೊಂದು ವಾರ: ನನ್ನ ಅನುಭವ

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಆಪ್ತಸಮಾಲೋಚಕಿ. ನಾನು ಕೂಡುವ ಕೋಣೆ ಮೊದಲು ಉಗ್ರಾಣವಾಗಿತ್ತು. ಈಗಲೂ ಒಂದು ಮೂಲೆಯಲ್ಲಿ ಮುರಿದ ಸಲೈನ್ ಸ್ಟ್ಯಾಂಡುಗಳಿವೆ, ಬಾಗಿಲಿನ ಚಿಲಕ ಸರಿಯಾಗಿ ಬೀಳುವುದಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಉಳಿದ ದಿನ ವಾರ್ಡಿನಿಂದ ನರ್ಸ್ ಅಕ್ಕ ಕರೆತರುವವರು ನನ್ನ ಪಾಲಿಗೆ. ಜೀವ ತೆಗೆದುಕೊಳ್ಳಲು ಹೋಗಿ ಉಳಿದವರು, ಮೂರ್ನಾಲ್ಕು ದಿನ ಚಿಕಿತ್ಸೆ ಪಡೆದು ಇಂದೋ ನಾಳೆಯೋ ಮನೆಗೆ ಹೋಗಬೇಕಾದವರು ಅವರು. ಕೆಳಗೆ ಅಳಿಯ ಟಂಟಂ ನಿಲ್ಲಿಸಿಕೊಂಡು ಕಾಯುತ್ತಿರುತ್ತಾನೆ. ನನಗೆ ಸಿಗುವುದು ಹೆಚ್ಚೆಂದರೆ ಒಂದು ತಾಸು.

ಆ ಒಂದು ತಾಸಿನಲ್ಲಿ ಮತ್ತು ಅದರ ನಂತರದ ವಾರಗಳಲ್ಲಿ ನಾನು ಏನು ಮಾಡುತ್ತೇನೆ, ಏನು ಮಾಡಿ ಕೆಟ್ಟೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಯಾರ ಗುರುತೂ ಸಿಗಬಾರದೆಂದು ಹಲವರ ಕಥೆಗಳನ್ನು ಕೂಡಿಸಿ, ಊರು, ವಯಸ್ಸು ಬದಲಿಸಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಆಣೆ ಮಾಡಿಸುವುದು. ನಮ್ಮ ಕಡೆ ಇದು ಮನೆಯವರೆಲ್ಲ ಮಾಡುವುದೇ: ಮಗನನ್ನು ಮಂಚದ ಮೇಲೆ ಕೂಡಿಸಿ, ತಾಯಿಯ ತಲೆಯ ಮೇಲೆ ಕೈ ಇಡಿಸಿ, ಇನ್ನೊಮ್ಮೆ ಇಂಥ ಕೆಲಸ ಮಾಡುವುದಿಲ್ಲವೆಂದು ಮಾತು ತೆಗೆದುಕೊಳ್ಳುತ್ತಾರೆ. ನಾನೂ ಅದನ್ನೇ ಹೆಚ್ಚು ನಾಜೂಕಾಗಿ, ಕಾಗದದ ಮೇಲೆ ಸಹಿ ಮಾಡಿಸಿಕೊಂಡು ಮಾಡುತ್ತಿದ್ದೆ. ಶಿಗ್ಗಾಂವಿ ಕಡೆಯ ಇಪ್ಪತ್ಮೂರರ ಹುಡುಗನೊಬ್ಬ ಹೀಗೆ ಸಹಿ ಮಾಡಿ ಹೋದವನು ಎರಡು ತಿಂಗಳಿಗೆ ಮತ್ತೆ ಅದೇ ವಾರ್ಡಿನಲ್ಲಿ ಮಲಗಿದ್ದ. ಮೊದಲೇ ಏಕೆ ಫೋನ್ ಮಾಡಲಿಲ್ಲವೆಂದು ಕೇಳಿದೆ. "ಹೆಂಗ್ ಮಾಡ್ಲಿ ಅಕ್ಕಾರ? ಅವ್ವನ ಮ್ಯಾಲ ಆಣಿ ಮಾಡಿದ್ದೆ, ನಿಮ್ಮ ಮುಂದ ಸಹಿ ಹಾಕಿದ್ದೆ. ಮತ್ತ ಅದ ವಿಚಾರ ಬರಾಕತ್ತೈತಿ ಅಂತ ಯಾರ ಮುಂದ ಹೇಳ್ಲಿ?" ಎಂದ. ನಾವೆಲ್ಲ ಸೇರಿ ಅವನ ಬಾಯಿಗೆ ಬೀಗ ಹಾಕಿದ್ದೆವು. ಮಾತು ಮುರಿದವನಾಗುವ ನಾಚಿಕೆ ಮೊದಲಿದ್ದ ದುಃಖದ ಮೇಲೆ ಇನ್ನೊಂದು ಹೊರೆಯಾಗಿತ್ತು. ಇಂಥ ಒಪ್ಪಂದಗಳು ಜೀವ ಉಳಿಸುತ್ತವೆ ಎಂಬುದಕ್ಕೆ ಆಧಾರವಿಲ್ಲವೆಂದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ತರಬೇತಿಯಲ್ಲಿ ಕೇಳಿದ್ದೆ, ಬರೆದುಕೊಂಡೂ ಇದ್ದೆ. ಬರೆದುಕೊಂಡದ್ದು ತಲೆಗೆ ಇಳಿಯಲು ಆ ಹುಡುಗ ಬೇಕಾಯಿತು.

ಒಂದು ತಾಸಿನಲ್ಲಿ ಏನಾದೀತು ಎಂದು ಕೇಳುವವರಿದ್ದಾರೆ, ನಮ್ಮ ವೈದ್ಯರಲ್ಲೇ ಇದ್ದಾರೆ. ಅವರಿಗೆ ನಾನು ಹೇಳುವುದು ವಿಶ್ವ ಆರೋಗ್ಯ ಸಂಸ್ಥೆ ಐದು ಕಡೆ ನಡೆಸಿದ ಅಧ್ಯಯನದ ವಿಷಯ. ಬ್ರೆಜಿಲ್‌ನ ಕ್ಯಾಂಪಿನಾಸ್, ಶ್ರೀಲಂಕಾದ ಕೊಲಂಬೊ, ಇರಾನಿನ ಕರಜ್, ಚೀನಾದ ಯುಂಚೆಂಗ್ ಮತ್ತು ನಮ್ಮ ಚೆನ್ನೈನ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಆತ್ಮಹತ್ಯೆಗೆ ಯತ್ನಿಸಿ ಬಂದಿದ್ದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ; ಇನ್ನೊಂದಕ್ಕೆ ಅದರ ಜೊತೆಗೆ ಬಿಡುಗಡೆಯ ಹೊತ್ತಿಗೆ ಸುಮಾರು ಒಂದು ತಾಸಿನ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪಿನಲ್ಲಿ ಶೇ. 2.2ರಷ್ಟು ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರೆ, ಎರಡನೆಯದರಲ್ಲಿ ಶೇ. 0.2. ದೊಡ್ಡ ಔಷಧವಿಲ್ಲ, ದೊಡ್ಡ ಯಂತ್ರವಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಒಂಬತ್ತು ಸಲ ಹೇಳಿದ ದಿನಕ್ಕೆ ವಿಚಾರಿಸಿದ್ದು, ಅಷ್ಟೆ. ಆ ಐದು ಊರುಗಳಲ್ಲಿ ಒಂದು ಚೆನ್ನೈ ಎಂಬುದು ನನಗೆ ಮುಖ್ಯ, ಏಕೆಂದರೆ ಇಂಥ ಕೆಲಸ ಶ್ರೀಮಂತ ದೇಶಗಳಲ್ಲಿ ಮಾತ್ರ ನಡೆಯುತ್ತದೆ ಎನ್ನುವವರಿಗೆ ಆಗ ಉತ್ತರ ಸಿಗುತ್ತದೆ.

ಇನ್ನು ಕೇಳುವ ಬಗೆ. ಸಾವಿನ ಮಾತು ಎತ್ತಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹಳ ಜನರಲ್ಲಿದೆ, ನನ್ನಲ್ಲೂ ಇತ್ತು. ಹಾಗಾಗುವುದಿಲ್ಲವೆಂದು ಈ ಕುರಿತು ನಡೆದ ಅಧ್ಯಯನಗಳು ಹೇಳುತ್ತವೆ, ನನ್ನ ಅನುಭವವೂ ಅದೇ. ಕೇಳಿದಾಗ ಹೆಗಲು ಇಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಯಾವ ಮಾತಿನಲ್ಲಿ ಕೇಳುತ್ತೇವೆ ಎಂಬುದು ಮುಖ್ಯ. "ನಿಮಗೆ ಆತ್ಮಹತ್ಯೆಯ ಆಲೋಚನೆಗಳು ಬರುತ್ತಿವೆಯೇ" ಎಂದು ಫಾರ್ಮಿನಲ್ಲಿದ್ದಂತೆ ಓದಿದರೆ, ಎದುರಿಗಿದ್ದ ಮುದುಕಪ್ಪ ಪೊಲೀಸರ ಮುಂದೆ ಕೂತವನಂತೆ "ಇಲ್ರಿ" ಎನ್ನುತ್ತಾನೆ. ನಮ್ಮ ಜನ ಈ ಸಂಕಟವನ್ನು ಹೇಳುವ ಮಾತುಗಳೇ ಬೇರೆ: ಜೀವಕ್ಕ ಬ್ಯಾಸರಾಗೇತಿ, ಸಾಕಾಗೇತಿ, ಎತ್ತಾಗರ ಹೋಗಿಬಿಡೂನು ಅನಸ್ತೈತಿ, ಮಕ್ಕೊಂಡಾಂವ ಏಳಬಾರದು ಅನಸ್ತೈತಿ. ನಾನು ಅಲ್ಲಿಂದ ಶುರು ಮಾಡಿ, ಅಲ್ಲಿಗೇ ನಿಲ್ಲದೆ, "ಸಾಕಾಗೇತಿ ಅಂದ್ರಿ. ಸಾಯಬೇಕು ಅನ್ನೂ ಮಟಾ ಸಾಕಾಗೇತೇನು?" ಎಂದು ನೇರವಾಗಿ ಕೇಳುತ್ತೇನೆ. ಆಮೇಲೆ ಸುಮ್ಮನಿರುತ್ತೇನೆ. ಸುಮ್ಮನಿರುವುದು ಈ ಕೆಲಸದಲ್ಲಿ ನಾನು ಕಲಿತ ಅತ್ಯಂತ ಕಷ್ಟದ ವಿದ್ಯೆ. ನಾವು ಉತ್ತರ ಕರ್ನಾಟಕದವರು ಮಾತಿನ ನಡುವಿನ ಮೌನವನ್ನು ಚಹಾದಿಂದಾದರೂ ತುಂಬಿಬಿಡುವ ಜನ.

ಹೀಗೆ ಕೇಳುತ್ತ ಹೋದಂತೆ ಗೊತ್ತಾದದ್ದೇನೆಂದರೆ, ಸಾಯಬೇಕೆನ್ನುವವರಲ್ಲಿ ಹೆಚ್ಚಿನವರದು ಎರಡು ಮನಸ್ಸು. ಒಂದು ಮನಸ್ಸು ಸಾಕೆನ್ನುತ್ತಿರುತ್ತದೆ. ಇನ್ನೊಂದು ಮಗಳ ಎಸ್ಸೆಸ್ಸೆಲ್ಸಿ, ಈಯಲು ಬಂದ ಎಮ್ಮೆ, ಅರ್ಧಕ್ಕೆ ನಿಂತ ಗೋಡೆ ಎಂದು ಎಲ್ಲೋ ಜಗ್ಗುತ್ತಿರುತ್ತದೆ. ಮೊದಲನೆಯದರ ಜೊತೆ ವಾದಕ್ಕೆ ಇಳಿದರೆ ಸೋಲು ಖಂಡಿತ. "ನಿಮಗೆ ಏನು ಕಡಿಮೆಯಾಗಿದೆ, ಹೆಂಡತಿ ಮಕ್ಕಳ ಮುಖ ನೋಡಿ" ಎಂಬ ಉಪದೇಶವನ್ನು ಅವರು ನೂರು ಸಲ ಕೇಳಿ, ಪ್ರತಿ ಸಲವೂ ತಾವು ಹೊರೆಯೆಂಬ ನಂಬಿಕೆಯನ್ನೇ ಗಟ್ಟಿ ಮಾಡಿಕೊಂಡಿರುತ್ತಾರೆ. ಅದಕ್ಕೆ ನಾನು ಎರಡನೆಯ ಮನಸ್ಸಿನ ಜೊತೆ ಕೂಡುತ್ತೇನೆ. ಅದಕ್ಕಿರುವ ಪ್ರಶ್ನೆ ಒಂದೇ: "ಯಾವ ಒಂದ್ ತ್ರಾಸ ಸ್ವಲ್ಪ ಹಗುರಾದ್ರ ಇನ್ನೊಂದ್ ವಾರ ತಗೀಬಹುದು ಅನಸ್ತೈತಿ?" ಜೀವನಪೂರ್ತಿಯ ಮಾತು ಅಲ್ಲಿ ಬರುವುದಿಲ್ಲ. ಬ್ಯಾಡಗಿ ಕಡೆಯ ರೈತರೊಬ್ಬರು ಬಹಳ ಹೊತ್ತು ಯೋಚಿಸಿ, "ಸೋಮವಾರ ಸಂಘದವರು ಕಟ್ಟಿ ಮ್ಯಾಲ ಬಂದು ಕೂಡ್ತಾರ್ರೀ. ಅದೊಂದ್ ತಪ್ಪಿದ್ರ ಸಾಕು" ಎಂದರು. ಅವರ ಸಾಲ ಮೂರು ಕಡೆ ಇತ್ತು, ಗೋವಿನಜೋಳ ಮಳೆಗೆ ಹೋಗಿತ್ತು, ಆದರೆ ಉಸಿರು ಕಟ್ಟಿಸುತ್ತಿದ್ದದ್ದು ಓಣಿಯವರೆಲ್ಲ ನೋಡುವಂತೆ ಮನೆ ಮುಂದಿನ ಕಟ್ಟೆಯ ಮೇಲೆ ಕೂಡುವ ಆ ಇಬ್ಬರು. ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದ ವಿಷಯವನ್ನು ಅವರಿಗೆ ತಿಳಿಸಿ, ದೂರು ಕೊಡುವ ದಾರಿಯನ್ನು ಅವರ ತಮ್ಮನಿಗೆ ವಿವರಿಸಿದ್ದೂ ನನ್ನ ಆ ದಿನದ ಚಿಕಿತ್ಸೆಯ ಭಾಗವೇ ಆಗಿತ್ತು. ಸಮಾಲೋಚನೆಯೆಂದರೆ ಮನಸ್ಸಿನ ಮಾತು ಮಾತ್ರವೆಂದು ತಿಳಿದವರಿಗೆ ಇದು ವಿಚಿತ್ರ ಕಾಣಬಹುದು.

ಆಮೇಲೆ ಚೀಟಿ. ಬಿಕ್ಕಟ್ಟಿನ ಹೊತ್ತಿಗೆ ಏನೇನು ಮಾಡಬೇಕೆಂದು ಮೊದಲೇ ಬರೆದಿಟ್ಟುಕೊಳ್ಳುವುದು; ಪುಸ್ತಕಗಳಲ್ಲಿ ಇದಕ್ಕಿರುವ ಹೆಸರು ಸುರಕ್ಷತಾ ಯೋಜನೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ್ದು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಯೋಜನೆಯನ್ನು ಬರೆಸಿ, ನಂತರ ಫೋನ್ ಮಾಡುತ್ತ ಬಂದಾಗ ಆರು ತಿಂಗಳಲ್ಲಿ ಆತ್ಮಹತ್ಯೆಯ ವರ್ತನೆ ಎಂದಿನ ಆರೈಕೆ ಪಡೆದವರಿಗಿಂತ ಶೇ. 45ರಷ್ಟು ಕಡಿಮೆಯಿತ್ತೆಂದು 2018ರಲ್ಲಿ ಅವರು ಪ್ರಕಟಿಸಿದರು. ಅದರಲ್ಲಿ ಆರು ಹಂತ. ಬಿಕ್ಕಟ್ಟು ಏರುತ್ತಿದೆಯೆಂದು ನನಗೆ ಹೇಗೆ ಗೊತ್ತಾಗುತ್ತದೆ. ಯಾರ ಸಹಾಯವೂ ಇಲ್ಲದೆ ನಾನೇ ಏನು ಮಾಡಿಕೊಳ್ಳಬಲ್ಲೆ. ಮನಸ್ಸು ಬೇರೆ ಕಡೆ ಹೊರಳಲು ಯಾರ ಹತ್ತಿರ, ಯಾವ ಜಾಗಕ್ಕೆ ಹೋಗಬಹುದು. ಬಾಯಿಬಿಟ್ಟು ಯಾರಿಗೆ ಹೇಳಬಹುದು. ಯಾವ ಆಸ್ಪತ್ರೆ, ಯಾವ ಸಹಾಯವಾಣಿ. ಮನೆಯನ್ನು ಹೇಗೆ ಅಪಾಯವಿಲ್ಲದಂತೆ ಮಾಡುವುದು.

ಮೊದಮೊದಲು ನಾನು ಇದನ್ನು ಕನ್ನಡಕ್ಕೆ ಇಳಿಸಿ, ಚೆಂದ ಟೈಪು ಮಾಡಿಸಿ, ಜೆರಾಕ್ಸ್ ಮಾಡಿ ಇಟ್ಟುಕೊಂಡಿದ್ದೆ. "ಗಮನ ಬೇರೆಡೆ ಸೆಳೆಯುವ ಚಟುವಟಿಕೆಗಳು" ಎಂಬ ಶೀರ್ಷಿಕೆ, ಕೆಳಗೆ ಮೂರು ಗೆರೆ. ಒಬ್ಬ ತಾಯಿ ನಾನು ತುಂಬಿಕೊಟ್ಟ ಆ ಹಾಳೆಯನ್ನು ಎರಡೂ ಕೈಯಿಂದ ಭಕ್ತಿಯಿಂದ ತೆಗೆದುಕೊಂಡು ಹೋದಳು. ಸಂಜೆ ನಾನು ಮನೆಗೆ ಹೊರಟಾಗ ಅದು ಹೊರಗಿನ ಬೆಂಚಿನ ಮೇಲೆ, ಉಂಡ ಇಡ್ಲಿಯ ಪೊಟ್ಟಣದ ಕೆಳಗೆ ಇತ್ತು. ನಾನು ಬರೆದದ್ದನ್ನೆಲ್ಲ ನಿಂತಲ್ಲೇ ಓದಿದೆ: "ಧ್ಯಾನ. ಸಂಗೀತ ಆಲಿಸುವುದು. ವಾಯುವಿಹಾರ." ದಿನಕ್ಕೆ ಒಂಬತ್ತು ತಾಸು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ ನಾನು ವಾಯುವಿಹಾರ ಬರೆದಿದ್ದೆ.

ಈಗ ಶಾಲೆಯ ನೋಟುಬುಕ್ಕಿನ ಅರ್ಧ ಹಾಳೆ ಸಾಕು. ಬರೆಯಲು ಬರುವವರು ತಾವೇ ಬರೆಯುತ್ತಾರೆ, ಬಾರದವರು ಹೇಳಿದ್ದನ್ನು ಹೇಳಿದ ಮಾತಿನಲ್ಲೇ ನಾನು ಬರೆಯುತ್ತೇನೆ, ಓದಲು ಬಾರದವರಿಗೆ ಚಿತ್ರ ಬಿಡಿಸುತ್ತೇನೆ. ಬ್ಯಾಡಗಿಯ ಆ ರೈತರ ಚೀಟಿ ಹೀಗಿತ್ತು. ಮೊದಲ ಸಾಲು: "ದೀಪ ಹಚ್ಚೂ ಹೊತ್ತಿನ್ಯಾಗ ಎದಿ ಹಿಡದಂಗ ಆಗತೈತಿ, ಯಾರ್ ಮಾತಾಡಿಸಿದ್ರೂ ಸಿಟ್ಟು ಬರತೈತಿ." ಎರಡನೆಯದು: "ಎತ್ತಿನ ಮೈ ತಿಕ್ಕೂದು. ತಣ್ಣೀರ್ಲೆ ಮಾರಿ ತೊಳಕೊಳ್ಳೂದು." ಮೂರನೆಯದು: "ಬಸ್‌ಸ್ಟ್ಯಾಂಡ್ ಮುಂದಿನ ಚಾದಂಗಡಿ. ಭಜನಿ." ನಾಲ್ಕನೆಯದು: "ಅಣ್ಣ." ಐದನೆಯ ಸಾಲಿಗೆ ನನ್ನ ಸಂಖ್ಯೆ, ಟೆಲಿ ಮಾನಸ್ 14416. ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆ ಮಾಡಬಹುದಾದ, ಕನ್ನಡದಲ್ಲಿ ಮಾತಾಡುವ, ಹಣ ಕೇಳದ ಸರ್ಕಾರಿ ಸಹಾಯವಾಣಿ ಅದು. 2022ರ ಅಕ್ಟೋಬರಿನಿಂದ ಇದೆ. ನನ್ನ ಸಂಖ್ಯೆ ರಾತ್ರಿ ಹತ್ತರ ನಂತರ ಎತ್ತುವುದಿಲ್ಲವೆಂದು ಮೊದಲೇ ಹೇಳಿ, ಅವರ ಫೋನಿನಿಂದಲೇ 14416ಕ್ಕೆ ನನ್ನೆದುರು ಒಂದು ಸಲ ಕರೆ ಮಾಡಿಸುತ್ತೇನೆ. ಒಮ್ಮೆ ಆ ಕಡೆಯ ದನಿ ಕೇಳಿಸಿಕೊಂಡವರು ಇನ್ನೊಮ್ಮೆ ಕರೆ ಮಾಡಲು ಅಷ್ಟು ಹಿಂಜರಿಯುವುದಿಲ್ಲ.

ಮೂರನೆಯ ಸಾಲಿನಲ್ಲಿ ನಾನು ಒಂದು ಹಟ ಹಿಡಿಯುತ್ತೇನೆ. ಒಬ್ಬರೇ ಹೋಗಿ ಕೂಡುವ ಪ್ರಶಾಂತ ಜಾಗವನ್ನು ಬರೆಸುವುದಿಲ್ಲ. ಜನ ಇರಬೇಕು, ಆದರೆ ಆ ಜನ ಪ್ರಶ್ನೆ ಕೇಳಬಾರದು. ಹುಬ್ಬಳ್ಳಿಯ ಒಬ್ಬ ಗ್ಯಾರೇಜ್ ಮೆಕ್ಯಾನಿಕ್ ಸಿದ್ಧಾರೂಢ ಮಠವನ್ನು ಬರೆಸಿದ್ದ. ಅಲ್ಲಿ ಪ್ರಸಾದದ ಪಂಕ್ತಿಯಲ್ಲಿ ಕೂತವನನ್ನು ಯಾಕೆ ಬಂದೆಯೆಂದು ಯಾರೂ ಕೇಳುವುದಿಲ್ಲ, ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯುತ್ತಿರಲಿಲ್ಲ.

ಆರನೆಯ ಸಾಲಿಗೆ ನನ್ನ ಅರ್ಧ ಸಮಯ ಹೋಗುತ್ತದೆ, ಹೋಗಬೇಕು. ನಮ್ಮ ಹಳ್ಳಿಗಳಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಮನೆಯೊಳಗೇ ಇರುತ್ತದೆ, ಜ್ವಾಳದ ಚೀಲಗಳ ಸಂದಿಯಲ್ಲೋ ಅಡುಗೆಮನೆಯ ಮಾಡದಲ್ಲೋ. ಬಿಕ್ಕಟ್ಟಿನ ತೀವ್ರ ಹೊತ್ತು ಬಹಳ ಸಲ ಚಿಕ್ಕದು. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದಂತೆ 1995ರಿಂದ 2015ರ ನಡುವೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಶೇ. 70ರಷ್ಟು ಇಳಿಯಿತು. ಜನರ ದುಃಖ ಅಷ್ಟು ಇಳಿದಿರಲಾರದು. ನನ್ನ ಕೈಯಲ್ಲಿ ನಿಷೇಧವಿಲ್ಲ, ಆದ್ದರಿಂದ ಎದುರಿಗೆ ಕೂತವರ ಒಪ್ಪಿಗೆ ಪಡೆದು ಅವರ ಮನೆಯವರಲ್ಲಿ ಒಬ್ಬರನ್ನು ಒಳಗೆ ಕರೆದು, ಎಣ್ಣೆಯ ಡಬ್ಬಿಗಳು ಇಂದು ರಾತ್ರಿಯೊಳಗೆ ಯಾರ ಮನೆಗೆ, ಯಾರ ಕೈಯಿಂದ ಹೋಗುತ್ತವೆ ಎಂಬುದನ್ನು ಹೆಸರು ಹಿಡಿದು ಗೊತ್ತು ಮಾಡುತ್ತೇನೆ. "ಎತ್ತಿ ಇಡ್ತೇವ್ರಿ" ಎಂಬ ಮಾತನ್ನು ಒಪ್ಪುವುದಿಲ್ಲ. ಎತ್ತಿಟ್ಟ ಜಾಗ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಬಿತ್ತನೆಯ ಪಾಲುದಾರನ ಹೊಲದ ಶೆಡ್ಡು, ಬೀಗ, ಕೀಲಿ ಅವನ ಹತ್ತಿರ: ಇಷ್ಟು ಬೇಕು. ಹೊಡೆಯುವ ದಿನ ಅವನೇ ತಂದುಕೊಡುತ್ತಾನೆ, ಉಳಿದದ್ದನ್ನು ಒಯ್ಯುತ್ತಾನೆ. ಮನೆಯಲ್ಲಿ ಕುಡಿತವಿದ್ದರೆ ಆ ಮಾತನ್ನೂ ಇದೇ ಸಾಲಿನಲ್ಲಿ ತೆಗೆಯುತ್ತೇನೆ, ಏಕೆಂದರೆ ಎರಡು ಮನಸ್ಸಿನಲ್ಲಿ ತಡೆಯುವ ಮನಸ್ಸನ್ನು ಮೊದಲು ಮಲಗಿಸುವುದು ಸೆರೆಯೇ.

ಇಷ್ಟರ ನಡುವೆ ಕಾನೂನಿನ ಭಯ ಒಂದಿರುತ್ತದೆ. "ತಪ್ಪಿ ಕುಡದ್ನಿ" ಎಂದೇ ಕೇಸ್‌ಶೀಟಿನಲ್ಲಿ ಬರೆಸಿರುತ್ತಾರೆ, ಪೊಲೀಸರಿಗೆ ಹಾಗೇ ಹೇಳಿರುತ್ತಾರೆ. ನನಗೆ ನಿಜ ಹೇಳಿದರೆ ಜೈಲಾಗುತ್ತದೆಂದು ತಿಳಿದಿರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನಂತೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ; ಸರ್ಕಾರಿ ನೌಕರರ ಕರ್ತವ್ಯದ ವಿಷಯದಲ್ಲಿ ಅವರನ್ನು ಒತ್ತಾಯಿಸಲು ಅಥವಾ ತಡೆಯಲೆಂದೇ ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ 226ನೇ ಕಲಂ ಇದೆ. ಇದನ್ನು ಎರಡು ಮಾತಿನಲ್ಲಿ ಹೇಳಿದ ಮೇಲೆ ಎಷ್ಟೋ ಜನರ ನಿಜವಾದ ಕಥೆ ಶುರುವಾಗಿದೆ.

ಇನ್ನು ಕರೆಗಳು. ಮೂರನೆಯ ದಿನ ಒಂದು. ಇದು ನಾನೇ ಸೇರಿಸಿಕೊಂಡದ್ದು, ಏಕೆಂದರೆ ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ದಿನಗಳು ಬಹಳ ಸೂಕ್ಷ್ಮ. ಆಮೇಲೆ ಆ ಐದು ಊರುಗಳ ಅಧ್ಯಯನದ ಲೆಕ್ಕದಂತೆ ಒಂದು, ಎರಡು, ನಾಲ್ಕು, ಏಳು, ಹನ್ನೊಂದನೆಯ ವಾರ. ನಂತರ ನಾಲ್ಕು, ಆರು, ಹನ್ನೆರಡು, ಹದಿನೆಂಟನೆಯ ತಿಂಗಳು. ಬಿಡುಗಡೆಯ ದಿನವೇ ಹನ್ನೊಂದನೆಯ ವಾರದವರೆಗಿನ ದಿನಾಂಕಗಳನ್ನು ಚೀಟಿಯ ಹಿಂಬದಿಗೆ ಬರೆದುಕೊಡುತ್ತೇನೆ. ಕರೆಯಲ್ಲಿ ದೊಡ್ಡ ಮಾತಿಲ್ಲ. ನಿದ್ದೆ ಹೇಗೆ, ಆ ವಿಚಾರ ಬಂತೇ, ಬಂದಾಗ ಚೀಟಿಯಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ. ಕೆಲವು ಕರೆಗಳು ನಾಲ್ಕು ನಿಮಿಷಕ್ಕೆ ಮುಗಿಯುತ್ತವೆ.

ಎರಡನೆಯ ವಾರದ ಒಂದು ಕರೆಯನ್ನು ನಾನು ತಪ್ಪಿಸಿದ್ದೇನೆ. ಸಭೆಯಿತ್ತು, ಆಮೇಲೆ ಭಾನುವಾರ ಬಂತು, ನಾಲ್ಕು ದಿನ ತಡವಾಯಿತು. ರಾಣೆಬೆನ್ನೂರು ತಾಲ್ಲೂಕಿನ ಆ ಹೆಣ್ಣುಮಗಳು ಸಿಟ್ಟು ಮಾಡಲಿಲ್ಲ. "ಬುಧವಾರ ಬೆಳಿಗ್ಗಿಂದ ಫೋನ್ ಸೆರಗಿನ್ಯಾಗ ಕಟಗೊಂಡು ತಿರಗ್ಯಾಡಿದ್ನೆವಾ" ಎಂದಳು, ಅಷ್ಟೆ. ಅಂದಿನಿಂದ ಕರೆಯ ದಿನಾಂಕಗಳು ನನ್ನ ಮೇಜಿನ ಮುಂದಿನ ಪಂಚಾಂಗದ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿರುತ್ತವೆ. ನಾನು ಇಲ್ಲದ ದಿನ ನರ್ಸ್ ಅಕ್ಕ ಮಾಡುತ್ತಾಳೆ, ಮತ್ತು ಅವಳು ಮಾಡಬಹುದೆಂದು ಮೊದಲೇ ಹೇಳಿ ಪರಿಚಯ ಮಾಡಿಸಿರುತ್ತೇನೆ.

ಎಷ್ಟೋ ಹೆಣ್ಣುಮಕ್ಕಳಿಗೆ ಸ್ವಂತ ಫೋನಿಲ್ಲ ಎಂಬುದು ಪರದೇಶದ ಯಾವ ಕೈಪಿಡಿಯಲ್ಲೂ ನನಗೆ ಸಿಗಲಿಲ್ಲ. ಕೊಟ್ಟ ಸಂಖ್ಯೆ ಗಂಡನದು, ಸಂಕಟದ ಮೂಲವೂ ಕೆಲವೊಮ್ಮೆ ಅವನೇ. ಹೀಗಾಗಿ ಯಾರ ಫೋನು, ಯಾವ ಹೊತ್ತು, ಬೇರೆಯವರು ಎತ್ತಿದರೆ ನಾನು ಯಾರೆಂದು ಹೇಳಲಿ ಎಂಬ ಮೂರನ್ನು ಅವರಿಂದಲೇ ಕೇಳಿ ಬರೆದುಕೊಳ್ಳುತ್ತೇನೆ. ಫೋನ್ ಬೇಡವೇ ಬೇಡ ಎಂದವರಿಗೆ, ಅವರು ಒಪ್ಪಿದರೆ, ಆಶಾ ಕಾರ್ಯಕರ್ತೆ ಮನೆಗೆ ಹೋಗುತ್ತಾಳೆ. ಕೂಸಿನ ತೂಕ ನೋಡಲು ಬಂದವಳು ಹಿತ್ತಲಲ್ಲಿ ಐದು ನಿಮಿಷ ನಿಂತು ಮಾತಾಡಿದರೆ ಯಾರಿಗೂ ಸಂಶಯ ಬರುವುದಿಲ್ಲ.

ಈ ಚೀಟಿ ಎಲ್ಲರಿಗೂ ಸಾಲುವುದಿಲ್ಲ. ಕಿವಿಯಲ್ಲಿ ಸಾಯೆಂದು ದನಿ ಕೇಳಿಸುವವರು, ಊಟ ನಿದ್ದೆ ಬಿಟ್ಟು ಮಾತೇ ನಿಂತವರು, ದಿನ ಗೊತ್ತು ಮಾಡಿಕೊಂಡು ಕೂತವರು, ಮನೆಗೆ ಹೋದರೆ ಜೊತೆಗೆ ಯಾರೂ ಇಲ್ಲದವರು: ಇವರನ್ನು ಅಂದೇ ವೈದ್ಯರ ಮೂಲಕ ಹಾವೇರಿಯ ಜಿಲ್ಲಾಸ್ಪತ್ರೆಗೋ ಧಾರವಾಡದ ಡಿಮ್ಹಾನ್ಸಿಗೋ ಕಳಿಸುತ್ತೇವೆ, ಬಸ್ಸಿನಲ್ಲಿ ಒಬ್ಬರೇ ಹೋಗಿ ಎನ್ನುವುದಿಲ್ಲ, 108 ಕರೆಸುತ್ತೇವೆ. ಖಿನ್ನತೆಗೆ ಗುಳಿಗೆ ಬೇಕಾದವರಿಗೆ ಗುಳಿಗೆಯೇ ಬೇಕು. ಒಬ್ಬರ ಫೋನ್ ಏಳನೆಯ ವಾರದಿಂದ ಬಂದ್ ಇದೆ. ಊರು ಬಿಟ್ಟು ಗೋವಾಕ್ಕೆ ದುಡಿಯಲು ಹೋದರೆಂದು ಓಣಿಯವರು ಹೇಳಿದರು. ನಾನು ಆ ಸಂಖ್ಯೆಯನ್ನು ಇನ್ನೂ ತೆಗೆದಿಲ್ಲ, ತಿಂಗಳಿಗೊಮ್ಮೆ ಒತ್ತಿ ನೋಡುತ್ತೇನೆ.

ಬ್ಯಾಡಗಿಯ ರೈತರು ಹನ್ನೊಂದನೆಯ ವಾರದ ಕರೆಗೆ ಮೊದಲೇ, ಮೆಣಸಿನಕಾಯಿ ಪ್ಯಾಟಿಗೆ ಬಂದವರು ಆಸ್ಪತ್ರೆಗೆ ಬಂದರು. ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಚೀಟಿ ತೆಗೆದರು. ಮಡಿಕೆಯ ಗುಂಟ ಹರಿದು, ಬೆವರಿಗೆ ಶಾಯಿ ಹರಡಿತ್ತು, ಹೊಸದೊಂದು ಬೇಕೆಂದರು. ನಾಲ್ಕನೆಯ ಸಾಲಿನಲ್ಲಿದ್ದ "ಅಣ್ಣ" ಎಂಬುದರ ಮೇಲೆ ಅವರೇ ಪೆನ್ನಿನಿಂದ ಗೀಟು ಎಳೆದು, ಪಕ್ಕದಲ್ಲಿ ಚಾದಂಗಡಿಯವನ ಹೆಸರು, ಸಂಖ್ಯೆ ಬರೆದುಕೊಂಡಿದ್ದರು. "ಅಣ್ಣ ಫೋನ್ ಎತ್ತಂಗಿಲ್ರಿ. ಇಂವ ರಾತ್ರಿ ಹನ್ನೊಂದಕ್ಕೂ ಎತ್ತತಾನು" ಎಂದರು. ಎರಡು ಸಲ ಎತ್ತಿದ್ದನಂತೆ.